ಇಪ್ಪತ್ತೆಂಟು ದಿನದ ತಿಂಗಳು

(ಭದ್ರಾವತಿಯಲ್ಲಿ ಕಾರ್ಮಿಕರು ಹಾಗೂ ಚಿಲ್ಲರೆ ವರ್ತಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಪಾಠ)



ಇಂದಿನ ಮಾತಿನ ವಿಷಯ ಫೋನಿನ ಕರೆನ್ಸಿ ಎಂದು ತಿಳಿದಾಗ ಕೆಲವರು ನಕ್ಕರು. ಭೂಮಿ, ಕೂಲಿ, ಕಾರ್ಖಾನೆ, ಇವುಗಳನ್ನು ಬಿಟ್ಟು ಸಮಾಜವಾದಿಗಳು ರೀಚಾರ್ಜ್ ಅಂಗಡಿಯ ಲೆಕ್ಕಕ್ಕೆ ಇಳಿದರೆ ಎಂದರು. ನಗಲಿ. ಅಕ್ಕಿ, ಬೇಳೆ, ಸೀಮೆಎಣ್ಣೆಯ ಬೆಲೆಯ ಮಾತಾಡಿದಾಗಲೂ ದೊಡ್ಡವರು ಹೀಗೆಯೇ ನಕ್ಕಿದ್ದರು. ಬಡವನ ಮನೆಯಿಂದ ಪ್ರತಿ ತಿಂಗಳೂ ತಪ್ಪದೆ ಹೊರಗೆ ಹೋಗುವ ಹಣ ಯಾವುದೇ ಇರಲಿ, ಅದು ರಾಜಕೀಯದ ವಿಷಯವೇ ಸರಿ.

ಇಂದು ಫೋನು ಷೋಕಿಯ ವಸ್ತುವಾಗಿ ಉಳಿದಿಲ್ಲ. ಬ್ಯಾಂಕಿನಿಂದ ಹಣ ಬಂತೆಂಬ ಸುದ್ದಿ ಫೋನಿಗೆ ಬರುತ್ತದೆ. ಭವಿಷ್ಯನಿಧಿಯ ಹಣ ಕೇಳಬೇಕಾದರೆ ಗುಪ್ತಸಂಖ್ಯೆ, ಅಂದರೆ ಓಟಿಪಿ, ಫೋನಿಗೆ ಬರುತ್ತದೆ. ಗ್ಯಾಸ್ ಸಿಲಿಂಡರು, ಆಧಾರ್, ಮಕ್ಕಳ ಶಾಲೆ, ಎಲ್ಲಕ್ಕೂ ಅದೇ ಹತ್ತು ಅಂಕಿಯ ನಂಬರು. ಗುತ್ತಿಗೆಯ ಕಾರ್ಮಿಕನಿಗೆ ನಾಳೆ ಪಾಳಿ ಉಂಟೋ ಇಲ್ಲವೋ ಎಂಬುದು ಮೇಸ್ತ್ರಿಯ ಕರೆಯಿಂದಲೇ ತಿಳಿಯಬೇಕು. ಗಾಂಧಿ ಬಜಾರಿನ ಹೂವಿನವಳಿಗೂ ಗಿರಾಕಿ ಫೋನಿನಲ್ಲೇ ದುಡ್ಡು ಹಾಕುತ್ತಾನೆ. ಇಲ್ಲದೆ ಬದುಕಲಾಗದ ವಸ್ತುವಿಗೆ ಒಬ್ಬನು ಹಣ ಕೇಳುತ್ತಾನೆಂದರೆ ಅದು ಕಂದಾಯಕ್ಕೆ ಸಮಾನ. ಆ ಕಂದಾಯವನ್ನು ಈಗ ವಸೂಲಿ ಮಾಡುತ್ತಿರುವವರಲ್ಲಿ ಹೆಚ್ಚಿನವರು ಖಾಸಗಿ ಬಂಡವಾಳಗಾರರು.

ಆದ್ದರಿಂದ ಇಂದು ಎರಡು ಕೆಲಸ ಮಾಡೋಣ. ಈ ಖರ್ಚನ್ನು ಮನೆಯ ಮಟ್ಟದಲ್ಲಿ ಹೇಗೆ ಇಳಿಸಬಹುದೆಂದು ಪೈಸೆ ಪೈಸೆ ಲೆಕ್ಕ ಹಾಕೋಣ. ಲೆಕ್ಕದಿಂದ ಇಳಿಯದೆ ಉಳಿಯುವುದು ಯಾವುದು, ಅದಕ್ಕೆ ಏನು ಮಾಡಬೇಕು ಎಂದು ಆಮೇಲೆ ನೋಡೋಣ.

ಅಳತೆಯ ಮೋಸ

ಮೊದಲು ಅಳತೆಯ ವಿಚಾರ. ನಮ್ಮ ಜಿಲ್ಲೆಗೆ ಅಳತೆಯ ಮಾತು ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ತಿರುಗಿ ನಿಂತದ್ದು ಯಾವುದಕ್ಕೆ? ಗೇಣಿ ಭತ್ತ ಅಳೆಯುವ ಕೊಳಗಕ್ಕೆ. ಒಡೆಯನ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದಾಗಿತ್ತು. ಲೆಕ್ಕದ ಪುಸ್ತಕದಲ್ಲಿ ಕೊಳಗವೆಂದರೆ ಕೊಳಗವೇ, ಕಣದಲ್ಲಿ ಮಾತ್ರ ಅದು ಬೇರೆ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಡಾ. ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಹಿಡಿ ಭತ್ತದ ಅಳತೆಯಿಂದ ಎದ್ದ ಮಾತು ಕೊನೆಗೆ ‘ಉಳುವವನೇ ಹೊಲದೊಡೆಯ’ ಎಂಬಲ್ಲಿಗೆ ಮುಟ್ಟಿತು.

ಈಗ ಫೋನ್ ಕಂಪನಿಯ ಕೊಳಗ ನೋಡಿ. ನಿಮಗೆ ಸಂಬಳ ವರ್ಷಕ್ಕೆ 12 ಸಲ ಬರುತ್ತದೆ. ಮನೆ ಬಾಡಿಗೆ 12 ಸಲ, ಕರೆಂಟಿನ ಬಿಲ್ಲು 12 ಸಲ. ಕರೆನ್ಸಿ ಮಾತ್ರ 13 ಸಲ. ಏಕೆಂದರೆ ಕಂಪನಿಯ ತಿಂಗಳಿಗೆ 28 ದಿನ. 365 ದಿನವನ್ನು 28ರಿಂದ ಭಾಗಿಸಿದರೆ 13 ಬಂದು ಒಂದು ದಿನ ಉಳಿಯುತ್ತದೆ. ಫೆಬ್ರವರಿಯನ್ನು ವರ್ಷಪೂರ್ತಿ ಹಿಗ್ಗಿಸಿದ ಪಂಚಾಂಗ ಇದು.

2024ರ ಜುಲೈ 3ರಂದು ಜಿಯೊ ಮತ್ತು ಏರ್‌ಟೆಲ್, ಮರುದಿನ ವೊಡಾಫೋನ್ ಐಡಿಯಾ ದರ ಏರಿಸಿದವು. ಆಗ ಜಿಯೊದ ಪಟ್ಟಿಯಲ್ಲಿ 28 ದಿನಕ್ಕೆ, ದಿನಕ್ಕೆ ಒಂದೂವರೆ ಜಿಬಿ ನೆಟ್ ಕೊಡುವ ಪ್ಲಾನ್ 239 ರೂಪಾಯಿಯಿಂದ 299ಕ್ಕೆ ಹೋಯಿತು. ತಿಂಗಳಿಗೆ 299 ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದವನು ವರ್ಷಕ್ಕೆ 3,588 ಎಂದುಕೊಳ್ಳುತ್ತಾನೆ. ನಿಜವಾಗಿ 365 ದಿನಕ್ಕೆ ಆಗುವುದು ಸುಮಾರು 3,898. ಮಧ್ಯದ 310 ರೂಪಾಯಿ ಕಣ್ಣಿಗೆ ಕಾಣದೆ ಹೋಯಿತು. ಒಂದು ಫೋನಿಗೆ ಇಷ್ಟು. ನಾಲ್ಕು ಫೋನಿನ ಮನೆಗೆ 1,240.

ನಿಮ್ಮಲ್ಲಿ ದಿನಸಿ ಅಂಗಡಿಯವರಿದ್ದೀರಿ. ನಿಮ್ಮ ತಕ್ಕಡಿಗೆ, ತೂಕದ ಕಲ್ಲಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕು. ಕಿಲೋ ಎಂದು ಹೇಳಿ 920 ಗ್ರಾಂ ಕೊಟ್ಟರೆ ಇನ್‌ಸ್ಪೆಕ್ಟರು ಬಂದು ದಂಡ ಹಾಕುತ್ತಾನೆ, ಹಾಕಬೇಕಾದ್ದೇ. ಆದರೆ 30 ದಿನದ ಜಾಗದಲ್ಲಿ 28 ಕೊಡುವವನು ‘28 ದಿನ’ ಎಂದು ಸಣ್ಣ ಅಕ್ಷರದಲ್ಲಿ ಬರೆದರೆ ಸಾಕು, ಅವನ ವ್ಯಾಪಾರ ನ್ಯಾಯವಾದದ್ದೆಂದು ಲೆಕ್ಕ.

ಈ ಬಗ್ಗೆ ದೂರು ಹೆಚ್ಚಾದ ಮೇಲೆ, 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಜನ ಟ್ರಾಯ್ ಎಂದು ಕರೆಯುವ ಸಂಸ್ಥೆ, ಒಂದು ಆಜ್ಞೆ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕಿಸಬಹುದಾದ ಪ್ಲಾನನ್ನೂ ಇಡಲೇಬೇಕೆಂದಿತು. ಅಳತೆ ಸರಿಯಾಯಿತೆಂದು ಜನ ಸಂತೋಷಪಟ್ಟರು. ಆದದ್ದೇನು? 2024ರ ಜುಲೈಯ ಪಟ್ಟಿಯಲ್ಲಿ ಜಿಯೊದ ಪೂರ್ಣ ತಿಂಗಳ ಪ್ಲಾನಿಗೆ 319 ರೂಪಾಯಿ. ಹನ್ನೆರಡು ತಿಂಗಳಿಗೆ 3,828. ಅಂದರೆ 28 ದಿನದ ಪ್ಲಾನಿಗಿಂತ ವರ್ಷಕ್ಕೆ 70 ರೂಪಾಯಿ ಮಾತ್ರ ಉಳಿತಾಯ. ಕೊಳಗವನ್ನು ಸರ್ಕಾರ ತಿದ್ದಿತು, ಒಡೆಯ ಬೆಲೆಯನ್ನು ತಿದ್ದಿಕೊಂಡ. ಹಾಗೆಂದು ಆ ಆಜ್ಞೆ ವ್ಯರ್ಥವಲ್ಲ. ಸಂಬಳದ ಮರುದಿನವೇ ಕರೆನ್ಸಿ ಹಾಕಿಸುವ ಪದ್ಧತಿ ಇಟ್ಟುಕೊಂಡವರಿಗೆ ತಾರೀಖು ಜಾರುವುದಿಲ್ಲ. ಆದರೆ ದೊಡ್ಡ ಉಳಿತಾಯ ಬೇರೆ ಕಡೆ ಇದೆ.

ದಿನದ ದರ ಹಾಕಿ ನೋಡಿ

ಕೂಲಿಯವನಿಗೆ ದಿನಗೂಲಿಯ ಲೆಕ್ಕ ಗೊತ್ತು. ಫೋನಿಗೂ ಅದೇ ಲೆಕ್ಕ. ಪ್ಲಾನಿನ ಬೆಲೆಯನ್ನು ದಿನಗಳಿಂದ ಭಾಗಿಸಿ. ಅಂಗಡಿಯವನು, ಜಾಹೀರಾತು, ನಟನಟಿಯರು ಏನೇ ಹೇಳಲಿ, ಈ ಒಂದು ಸಂಖ್ಯೆ ಸುಳ್ಳು ಹೇಳುವುದಿಲ್ಲ.

ಅದೇ ಒಂದೂವರೆ ಜಿಬಿಯ ಪ್ಲಾನು 28 ದಿನಕ್ಕೆ 299 ಆದರೆ ದಿನಕ್ಕೆ 10 ರೂಪಾಯಿ 68 ಪೈಸೆ. 84 ದಿನಕ್ಕೆ 799 ಆದರೆ ದಿನಕ್ಕೆ 9 ರೂಪಾಯಿ 51 ಪೈಸೆ. ವರ್ಷಕ್ಕೆ ಒಂದು ಫೋನಿಗೆ 426 ರೂಪಾಯಿ ವ್ಯತ್ಯಾಸ. ಕೆಲಸ ಒಂದೇ, ಟವರು ಒಂದೇ.

ಇನ್ನು ನೆಟ್ಟೇ ಬೇಡದವರ ವಿಚಾರ. ಮನೆಯ ಹಿರಿಯರ ಕೈಯಲ್ಲಿ ಕೀಪ್ಯಾಡ್ ಫೋನಿದೆ. ಅವರು ಮಾತಾಡುತ್ತಾರೆ, ಅಷ್ಟೆ. ಆದರೂ ಬಹಳ ಕಾಲ ಅವರು ದಿನಕ್ಕೊಂದು ಜಿಬಿ, ಒಂದೂವರೆ ಜಿಬಿ ನೆಟ್ಟನ್ನು ಕೊಂಡು, ಅದು ರಾತ್ರಿ ಹನ್ನೆರಡಕ್ಕೆ ಹಾಳಾಗುವುದನ್ನೂ ಕಾಣದೆ ಮಲಗುತ್ತಿದ್ದರು. ಊಟ ಬೇಕೆಂದವನಿಗೆ ಸಿನಿಮಾ ಟಿಕೆಟ್ಟನ್ನೂ ಕಡ್ಡಾಯವಾಗಿ ಮಾರಿದ ಹಾಗೆ. 2024ರ ಡಿಸೆಂಬರ್ 23ರಂದು ಟ್ರಾಯ್ ಇದನ್ನು ತಿದ್ದಿತು. ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ, ನೆಟ್ ಇಲ್ಲದ ಒಂದು ಪ್ಲಾನಾದರೂ ಪ್ರತಿ ಕಂಪನಿಯೂ ಇಡಲೇಬೇಕು, ಇಂಥ ವಿಶೇಷ ರೀಚಾರ್ಜಿನ ಅವಧಿ 90 ದಿನಕ್ಕೆ ಸೀಮಿತವಾಗಿದ್ದುದು 365 ದಿನದವರೆಗೆ ಇರಬಹುದು ಎಂದಿತು. 2025ರ ಜನವರಿಯಲ್ಲಿ ಇಂಥ ಪ್ಲಾನುಗಳು ಬಂದವು. ಮೊದಲು ಇಟ್ಟ ಬೆಲೆಗೆ ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಇಳಿಸಿದರು. ಏರ್‌ಟೆಲ್ 365 ದಿನಕ್ಕೆ 1,849, ಜಿಯೊ 336 ದಿನಕ್ಕೆ 1,748 ಎಂದು ನಿಂತಿತು. ಎರಡೂ ದಿನಕ್ಕೆ 5 ರೂಪಾಯಿಯ ಆಸುಪಾಸು. ಒಂದೂವರೆ ಜಿಬಿ ಪ್ಲಾನಿನ ಅರ್ಧ.

ಗಮನಿಸಿ: ಈ ಪ್ಲಾನುಗಳನ್ನು ಕಂಪನಿಯ ಆ್ಯಪ್ ತೆರೆದ ಕೂಡಲೆ ಮೇಲೆ ತೋರಿಸುವುದಿಲ್ಲ. ಕೆಳಗೆ, ಒಳಗೆ ಹುಡುಕಬೇಕು. ಅಂಗಡಿಯಲ್ಲಿ ‘ಬರೀ ಮಾತಿನ ಪ್ಲಾನ್ ಹಾಕಿ’ ಎಂದು ಬಾಯಿ ಬಿಟ್ಟು ಕೇಳಬೇಕು. ನಾವು ಹೇಳುವ ಬೆಲೆಗಳು ಆಯಾ ತಾರೀಖಿನವು. ಬೆಲೆಯೂ ದಿನಗಳೂ ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಬೆಲೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಭಾಗಾಕಾರವನ್ನು ಮರೆಯದಿರಿ. ಬೆಲೆ ಹಾಗೆಯೇ ಇಟ್ಟು ದಿನ ಕತ್ತರಿಸುವ ಚಾಳಿ 2025ರಲ್ಲಿ ಸರ್ಕಾರದ ಕಂಪನಿಯಲ್ಲೂ ಕಂಡಿತು. ಬಿಸ್ಕತ್ತಿನ ಪೊಟ್ಟಣ ಐದು ರೂಪಾಯಿಯದೇ, ಒಳಗೆ ಬಿಸ್ಕತ್ತು ಮಾತ್ರ ಕಡಿಮೆ. ಇದು ನಿಮಗೆ ಹೊಸದಲ್ಲ.

ಒಂದು ಮನೆಯ ಲೆಕ್ಕ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ನ್ಯೂಟೌನಿನ ಕಡೆಯ ಮನೆಯೆನ್ನಿ, ಇಲ್ಲವೇ ಶಿವಮೊಗ್ಗದ ವಿನೋಬನಗರದ್ದೆನ್ನಿ. ಯಜಮಾನ ಗುತ್ತಿಗೆ ಕಾರ್ಮಿಕ. ಯಜಮಾನಿ ಹೊಲಿಗೆ ಮಾಡುತ್ತಾರೆ. ಮುದುಕ ತಂದೆ, ಕಾಲೇಜಿಗೆ ಹೋಗುವ ಮಗಳು. ನಾಲ್ಕು ಫೋನು. ಎಲ್ಲಕ್ಕೂ ಅದೇ 28 ದಿನದ 299 ಹಾಕಿಸುತ್ತಾರೆ, ಏಕೆಂದರೆ ಅಂಗಡಿಯವನು ಅದನ್ನೇ ಹಾಕುತ್ತಾನೆ. ವರ್ಷಕ್ಕೆ 15,591 ರೂಪಾಯಿ.

ಈಗ ಯಾರಿಗೆ ಏನು ಬೇಕು ಎಂದು ಕೇಳೋಣ. ತಂದೆಗೆ ಮಾತು ಸಾಕು, 1,849ರ ವರ್ಷದ ಪ್ಲಾನು. ಯಜಮಾನ, ಯಜಮಾನಿ ಇಬ್ಬರಿಗೂ ಮಾತು ಬೇಕು, ವಾಟ್ಸಾಪ್ ಬೇಕು, ದುಡ್ಡು ಕಳಿಸಲು ಸ್ವಲ್ಪ ನೆಟ್ ಬೇಕು. 2024ರ ಜುಲೈಯ ಪಟ್ಟಿಯಲ್ಲಿ ಜಿಯೊ 336 ದಿನಕ್ಕೆ ಒಟ್ಟು 24 ಜಿಬಿ ಕೊಟ್ಟು 1,899 ಇಟ್ಟಿತ್ತು. 365 ದಿನಕ್ಕೆ ಅದು ಒಬ್ಬರಿಗೆ 2,063. ತಿಂಗಳಿಗೆ ಸುಮಾರು 2 ಜಿಬಿ. ಸಂದೇಶಕ್ಕೆ, ಹಣಕ್ಕೆ ಸಾಕು, ರಾತ್ರಿಯೆಲ್ಲ ವಿಡಿಯೋ ನೋಡಲು ಸಾಲದು. ಮಗಳಿಗೆ ಪಾಠಕ್ಕಾಗಿ ದಿನದ ಒಂದೂವರೆ ಜಿಬಿ ಬೇಕೇ ಬೇಕು, 84 ದಿನದ 799, ವರ್ಷಕ್ಕೆ 3,472. ಒಟ್ಟು 9,447. ಉಳಿದದ್ದು 6,144 ರೂಪಾಯಿ.

2023ರಲ್ಲಿ ಬಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ಗೊತ್ತುಮಾಡಿದ್ದು ತಿಂಗಳಿಗೆ 2,000. ಹಾಗಾದರೆ ಸರ್ಕಾರ ಒಂದು ಕೈಯಲ್ಲಿ ಕೊಟ್ಟ ಮೂರು ಕಂತನ್ನು ಫೋನ್ ಕಂಪನಿ ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಹೋಗುತ್ತಿತ್ತು. ಮನೆಯವರು ಕುಳಿತು ಅರ್ಧ ಗಂಟೆ ಲೆಕ್ಕ ಹಾಕಿದರೆ ಅದು ಮನೆಯಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಉಳಿತಾಯವೆಂದ ಕೂಡಲೆ ಗಂಡಸರು ಮೊದಲು ಹೆಂಗಸರ ಫೋನಿನ ಮೇಲೆ ಕೈ ಹಾಕುತ್ತಾರೆ. ‘ನಿನಗೇಕೆ ನೆಟ್ಟು’ ಎನ್ನುತ್ತಾರೆ. ಹೊಲಿಗೆಯ ಗಿರಾಕಿ ರವಿಕೆಯ ಚಿತ್ರ ಕಳಿಸುವುದು ಆ ಫೋನಿಗೆ, ಸ್ವಸಹಾಯ ಸಂಘದ ಸುದ್ದಿ ಬರುವುದು ಆ ಫೋನಿಗೆ. ಮಗನ ರೀಲ್ಸಿಗೆ ಎರಡು ಜಿಬಿ, ಮಗಳ ಪಾಠಕ್ಕೆ ಹಾಟ್‌ಸ್ಪಾಟಿನ ಭಿಕ್ಷೆ ಎಂಬ ಮನೆಗಳೂ ಇವೆ. ಸಮಾಜವಾದ ಬೀದಿಯಲ್ಲಿ ಮಾತ್ರ ಇರತಕ್ಕದ್ದಲ್ಲ. ಅವಶ್ಯಕತೆಯನ್ನು ನೋಡಿ ಹಂಚಬೇಕು, ಮೀಸೆಯನ್ನು ನೋಡಿ ಅಲ್ಲ.

ಇನ್ನು ಕೆಲವು ಎಚ್ಚರಿಕೆಗಳು. ವರ್ಷದ ಪ್ಲಾನ್ ಹಾಕಿಸುವ ಮೊದಲು ಆ ಕಂಪನಿಯ ಸಿಗ್ನಲ್ ನಿಮ್ಮ ಮನೆಯೊಳಗೂ ಕೆಲಸದ ಜಾಗದಲ್ಲೂ ಸಿಗುತ್ತದೆಯೆ ಎಂದು ಒಂದು ತಿಂಗಳು ಪರೀಕ್ಷಿಸಿ. ನಡುವೆ ಕಂಪನಿ ಬದಲಿಸಿದರೆ ಉಳಿದ ದಿನ ಹೋದಂತೆಯೇ. ಎರಡು ಸಿಮ್ ಇಟ್ಟುಕೊಂಡವರು ಎರಡನೆಯದು ನಿಜವಾಗಿ ಬೇಕೆ ಎಂದು ಯೋಚಿಸಿ. ಬೇಡವಾದರೆ, ಬಿಡುವ ಮೊದಲು ಬ್ಯಾಂಕು, ಆಧಾರ್, ಭವಿಷ್ಯನಿಧಿಯಲ್ಲಿ ನಂಬರು ಬದಲಿಸಿ. ನೀವು ಬಿಟ್ಟ ನಂಬರು ನಾಳೆ ಇನ್ನೊಬ್ಬರ ಕೈ ಸೇರುತ್ತದೆ, ನಿಮ್ಮ ಓಟಿಪಿ ಅವರಿಗೆ ಹೋಗುತ್ತದೆ. ಕೇಳದೆ ಅಂಟಿಕೊಂಡ ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸೇವೆಗಳಿಂದ ಹಣ ಕಡಿತವಾಗುತ್ತಿದ್ದರೆ 155223ಕ್ಕೆ ‘ಸ್ಟಾಪ್’ ಎಂಬ ಇಂಗ್ಲಿಷ್ ಪದ ಕಳಿಸಿ ನಿಲ್ಲಿಸಬಹುದು. ಕೆಲವು ಹಣ ಪಾವತಿಯ ಆ್ಯಪ್‌ಗಳು ರೀಚಾರ್ಜಿನ ಮೇಲೆ ಒಂದೆರಡು ರೂಪಾಯಿ ತಮ್ಮ ಶುಲ್ಕ ಸೇರಿಸುತ್ತವೆ. ಅದರ ಬದಲು ಬೀದಿಯ ತುದಿಯ ಅಂಗಡಿಯಲ್ಲಿ ಹಾಕಿಸಿದರೆ ನಮ್ಮವನೊಬ್ಬನಿಗೆ ಕಮಿಷನ್ನಾದರೂ ಸಿಕ್ಕೀತು.

ಅಂಗಡಿಕಾರರಿಗೆ ಒಂದು ಮಾತು. ನೀವು ಕೊಡುವ 299ರಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆ, ಅಂದರೆ 45 ರೂಪಾಯಿ 61 ಪೈಸೆ. ಸಾಮಾನ್ಯ ನೋಂದಣಿ ಇರುವವರು ಅಂಗಡಿಯ ನಂಬರನ್ನು ವ್ಯಾಪಾರದ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯೊಡನೆ ಇಟ್ಟು ಬಿಲ್ಲು ಪಡೆದರೆ ಆ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಕಳೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ, ನೋಂದಣಿಯಿಲ್ಲದ ತಳ್ಳುಗಾಡಿಯವರಿಗೆ ಈ ಸೌಕರ್ಯವಿಲ್ಲ. ದೊಡ್ಡವನು ತೆರಿಗೆ ಹಿಂದಕ್ಕೆ ಪಡೆಯುತ್ತಾನೆ, ಮನೆಯವಳೂ ತಳ್ಳುಗಾಡಿಯವನೂ ಪೂರ್ತಿ ಕೊಡುತ್ತಾರೆ.

ಬಡವನಿಗೆ ದುಬಾರಿ ಏಕೆ?

ಇಷ್ಟು ಕೇಳಿದ ಮೇಲೆ ಯಾರಾದರೂ ಎದ್ದು ಕೇಳಬೇಕು: ‘ವರ್ಷದ ಪ್ಲಾನ್ ಅಗ್ಗ, ಸರಿ. ಒಟ್ಟಿಗೆ 1,849 ರೂಪಾಯಿ ನಮ್ಮ ಕೈಯಲ್ಲಿ ಎಲ್ಲಿದೆ?’ ಇದೇ ಮುಖ್ಯ ಪ್ರಶ್ನೆ. ಒಟ್ಟಿಗೆ ಕೊಡಬಲ್ಲವನಿಗೆ ದಿನದ ದರ ಕಡಿಮೆ, ವಾರದ ಬಟವಾಡೆಯವನಿಗೆ ಹೆಚ್ಚು. ಮೂಟೆ ಅಕ್ಕಿ ಕೊಳ್ಳುವವನಿಗೆ ಅಗ್ಗ, ಸೇರು ಅಕ್ಕಿ ಕೊಳ್ಳುವವನಿಗೆ ದುಬಾರಿ ಎಂಬ ಹಳೆಯ ಅನ್ಯಾಯವೇ ಇದು.

ಇದಕ್ಕೆ ನಮ್ಮಲ್ಲಿ ಹಳೆಯ ಮದ್ದೂ ಇದೆ. ಚೀಟಿ ಹಾಕುವುದು ಯಾವ ಮನೆಯ ಹೆಂಗಸರಿಗೆ ಗೊತ್ತಿಲ್ಲ? ಹತ್ತು ಜನ ಸೇರಿ, ತಿಂಗಳಿಗೆ ತಲಾ 185 ರೂಪಾಯಿ ಹಾಕಿ. ಸೇರುವುದು 1,850. ಆ ತಿಂಗಳು ಯಾರ ಅವಧಿ ಮುಗಿಯುತ್ತದೆಯೋ ಅವರಿಗೆ ವರ್ಷದ ಪ್ಲಾನ್ ಹಾಕಿಸಿ. ಹತ್ತು ತಿಂಗಳಲ್ಲಿ ಹತ್ತು ಜನರದೂ ಮುಗಿಯುತ್ತದೆ. ಬಡ್ಡಿಯಿಲ್ಲ, ಹರಾಜಿಲ್ಲ. ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪುಸ್ತಕದಲ್ಲಿ ಬರೆದಿಡಿ, ಹಣ ಒಬ್ಬರ ಬಳಿ ರಾತ್ರಿ ಕಳೆಯದಿರಲಿ. ಕಾರ್ಖಾನೆಯ ಒಂದು ವಿಭಾಗದವರು, ಒಂದು ಸಂತೆಯ ಸಾಲಿನವರು, ಒಂದು ಸ್ವಸಹಾಯ ಸಂಘದವರು ಇದನ್ನು ನಾಳೆಯೇ ಆರಂಭಿಸಬಹುದು. ಒಬ್ಬೊಬ್ಬರಾಗಿ ನಿಂತರೆ ನಾವು ಚಿಲ್ಲರೆ ಗಿರಾಕಿ, ಹತ್ತು ಜನ ಕೂಡಿದರೆ ಸಗಟು ಗಿರಾಕಿ. ಸಹಕಾರದ ಮೊದಲ ಪಾಠ ಇಷ್ಟೇ.

ಕಂಪನಿಯನ್ನು ಬದಲಿಸುವ ಹಕ್ಕೂ ನಮ್ಮದೇ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ 2011ರ ಜನವರಿ 20ರಿಂದ ದೇಶದಾದ್ಯಂತ ಬಂತು. ‘ಪೋರ್ಟ್’ ಎಂಬ ಇಂಗ್ಲಿಷ್ ಪದ ಬರೆದು, ಒಂದು ಅಕ್ಷರದ ಜಾಗ ಬಿಟ್ಟು, ನಿಮ್ಮ ನಂಬರು ಬರೆದು 1900ಕ್ಕೆ ಕಳಿಸಿ. ಎಂಟು ಅಕ್ಷರದ ಒಂದು ಸಂಕೇತ ಬರುತ್ತದೆ. ಅದು ನಮ್ಮ ರಾಜ್ಯದಲ್ಲಿ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಅದನ್ನು ಆಧಾರಿನೊಡನೆ ಹೊಸ ಕಂಪನಿಯ ಅಂಗಡಿಗೆ ಒಯ್ದರೆ ಮೂರು ಕೆಲಸದ ದಿನಗಳಲ್ಲಿ ಬದಲಾಗಬೇಕು. ಈಗಿರುವ ಕಂಪನಿಯಲ್ಲಿ 90 ದಿನ ತುಂಬಿರಬೇಕು. ನಿಮ್ಮ ಪ್ಲಾನಿನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ಈ ಒಂದು ಸಂದೇಶಕ್ಕೆ ಅಡ್ಡಿ ಮಾಡಕೂಡದೆಂದು 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಆಜ್ಞೆ ಮಾಡಿದೆ.

ಲೆಕ್ಕಕ್ಕೆ ಸಿಗದ ಉಳಿದ ಮಾತು

ಬಂಧುಗಳೇ, ಮನೆಯ ಉಳಿತಾಯ ಬೇಕು. ಆದರೆ ಎಷ್ಟು ಜಾಣತನದಿಂದ ಲೆಕ್ಕ ಹಾಕಿದರೂ ಮೇಲೆ ಹೇಳಿದ ಪ್ಲಾನುಗಳಲ್ಲಿ ದಿನಕ್ಕೆ 5 ರೂಪಾಯಿಗಿಂತ ಕೆಳಗೆ ಬರುವುದಿಲ್ಲ. ಏಕೆ?

ಸ್ವಲ್ಪ ಹಿಂದಿನದನ್ನು ನೆನೆಯೋಣ. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. 2005-06ರ ಸುಮಾರಿಗೆ ಖಾಸಗಿ ಕಂಪನಿಗಳು 999 ರೂಪಾಯಿ ಪಡೆದು ‘ಜೀವಮಾನವಿಡೀ ಒಳಕರೆ ಉಚಿತ’ ಎಂದು ಸಾರಿದವು. ಬಡವರು ಆ ಮಾತನ್ನು ನಂಬಿ ಸಿಮ್ ಕೊಂಡರು. 2018ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ, ಕನಿಷ್ಠ 35 ರೂಪಾಯಿ 28 ದಿನಕ್ಕೊಮ್ಮೆ ಹಾಕಿಸದಿದ್ದರೆ ಒಳಕರೆಯೂ ಇಲ್ಲ ಎಂದವು. ಜೀವಮಾನ ಹದಿಮೂರು ವರ್ಷಕ್ಕೆ ತೀರಿಹೋಯಿತು. ಖಾತೆಯಲ್ಲಿ ಹಣವಿರುವವರ ಸಂಪರ್ಕ ಕೂಡಲೆ ಕಡಿಯಕೂಡದೆಂದು ಟ್ರಾಯ್ ಆಗ ಹೇಳಬೇಕಾಯಿತು.

ಆ ಕನಿಷ್ಠ ಅಲ್ಲಿಗೆ ನಿಲ್ಲಲಿಲ್ಲ. ಏರ್‌ಟೆಲ್‌ನಲ್ಲಿ 2021ರ ನವೆಂಬರ್‌ಗೆ 99, 2023ರ ಆರಂಭದಲ್ಲಿ ಕರ್ನಾಟಕದಲ್ಲಿ 155, 2024ರ ಜುಲೈಗೆ 199. 35ರ ಕಾಲದಲ್ಲಿ ಮಾತಿಗೆ ಬೇರೆ ಹಣ ಹಿಡಿಯುತ್ತಿತ್ತು, 199ಕ್ಕೆ ಮಾತು ಅಳತೆಯಿಲ್ಲದೆ ಸಿಗುತ್ತದೆ ಎಂಬುದನ್ನು ಒಪ್ಪೋಣ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬರುವ ಮೊದಲು ಒಂದು ಜಿಬಿ ನೆಟ್ಟಿಗೆ 200 ರೂಪಾಯಿಗೂ ಮೇಲಿತ್ತು, ಈಗ ಅದು ಬಹಳ ಇಳಿದಿದೆ ಎಂಬುದನ್ನೂ ಒಪ್ಪೋಣ. ಆದರೆ ಮಾತೂ ಬೇಡ, ನೆಟ್ಟೂ ಬೇಡ, ನಂಬರು ಜೀವಂತವಾಗಿರಲಿ, ಬ್ಯಾಂಕಿನ ಸುದ್ದಿ ಬರಲಿ ಎಂಬಷ್ಟೇ ಆಸೆಯ ಮುದುಕಿಗೆ ಬಾಗಿಲ ಸುಂಕ ಆರು ವರ್ಷದಲ್ಲಿ ಐದು ಪಟ್ಟಿಗೂ ಮಿಗಿಲಾಯಿತು. ಈ ಆರು ವರ್ಷದಲ್ಲಿ ಯಾವ ಕಾರ್ಖಾನೆಯ ಕೂಲಿ ಐದು ಪಟ್ಟಾಯಿತು? ಹೇಳಿ.

ಕಾರಣ ಗುಟ್ಟೇನಲ್ಲ. ಒಂದು ಕಾಲಕ್ಕೆ ಹತ್ತಕ್ಕೂ ಮೇಲಿದ್ದ ಕಂಪನಿಗಳಲ್ಲಿ ಈಗ ಖಾಸಗಿಯವು ಮೂರು ಉಳಿದಿವೆ. ಅವುಗಳಲ್ಲಿ ಎರಡೇ ದೇಶದ ಮುಕ್ಕಾಲು ಪಾಲು ಗಿರಾಕಿಗಳನ್ನು ಹಿಡಿದಿವೆ. 2019ರ ಡಿಸೆಂಬರ್, 2021ರ ನವೆಂಬರ್-ಡಿಸೆಂಬರ್, 2024ರ ಜುಲೈ, ಮೂರು ಸಲವೂ ಮೂರೂ ಕಂಪನಿಗಳು ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದವು. ದರ ಗೊತ್ತುಮಾಡುವುದನ್ನು ಟ್ರಾಯ್ ಕಂಪನಿಗಳ ಇಚ್ಛೆಗೇ ಬಿಟ್ಟಿದೆ. ಪೈಪೋಟಿಯೇ ಬೆಲೆ ಇಳಿಸುತ್ತದೆ ಎಂಬುದು ಅದಕ್ಕೆ ಕೊಟ್ಟ ಸಮಾಧಾನ. ಪೈಪೋಟಿ ಮಾಡುವವರೇ ಕಡಿಮೆಯಾದ ಮೇಲೆ ಆ ಸಮಾಧಾನಕ್ಕೆ ಅರ್ಥವಿಲ್ಲ.

ಹಾಗಾದರೆ ಪೈಪೋಟಿಗೆ ನಿಲ್ಲಬೇಕಾದ ಜನರ ಕಂಪನಿ ಎಲ್ಲಿತ್ತು? ಇಲ್ಲಿ ಭದ್ರಾವತಿಯವರು ಕಿವಿ ನಿಮಿರಿಸಬೇಕು. ಏರ್‌ಟೆಲ್ 4ಜಿ ಆರಂಭಿಸಿದ್ದು 2012ರಲ್ಲಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶದ ಮಟ್ಟದಲ್ಲಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಹದಿಮೂರು ವರ್ಷ ತಡ. ಆ ನಡುವೆ, 2020ರ ಜನವರಿಯಲ್ಲಿ, 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿಯ ಹೆಸರಿನಲ್ಲಿ ಬಿಎಸ್‌ಎನ್‌ಎಲ್‌ನಿಂದ ಹೊರಬಂದರು. ಕಾಲಕ್ಕೆ ಯಂತ್ರ ಕೊಡದಿರುವುದು, ಆಮೇಲೆ ನಷ್ಟವೆಂದು ಹೇಳುವುದು, ಕೊನೆಗೆ ಕೆಲಸಗಾರನೇ ಹೆಚ್ಚಾದನೆನ್ನುವುದು. ಈ ಕಥೆ ನಿಮಗೆ ಗೊತ್ತು. 1918ರಲ್ಲಿ ಮೊದಲಾದ ಕಬ್ಬಿಣದ ಕಾರ್ಖಾನೆಗೆ ಸ್ವಂತ ಅದಿರಿನ ಆಸರೆ ತಪ್ಪಿತು, ಬಂಡವಾಳ ಬರಲಿಲ್ಲ, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಹೋರಾಡಿದ ಮೇಲೆ ಅದೇ ವರ್ಷ ಆಗಸ್ಟಿನಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಕಾಗದದ ಕಾರ್ಖಾನೆಯ ಚಿಮಣಿ 2015ರಲ್ಲೇ ತಣ್ಣಗಾಯಿತು. ಸರ್ಕಾರಿ ಉದ್ದಿಮೆಯನ್ನು ಹಸಿವಿನಿಂದ ಕೊಲ್ಲುವ ರೀತಿ ಊರಿಂದೂರಿಗೆ ಬೇರೆಯಲ್ಲ.

ಆದರೂ ಜನರಿಗೆ ತಮ್ಮ ಬಲ ಗೊತ್ತಿಲ್ಲದಿಲ್ಲ. 2024ರ ಜುಲೈಯಲ್ಲಿ ದರ ಏರಿದ ತಿಂಗಳೇ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಗಿರಾಕಿಗಳು ಹೆಚ್ಚಾದರು, ಮೂರು ಖಾಸಗಿ ಕಂಪನಿಗಳೂ ಗಿರಾಕಿಗಳನ್ನು ಕಳೆದುಕೊಂಡವು. ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ. ಜನ ತಾವಾಗಿಯೇ 1900ಕ್ಕೆ ಸಂದೇಶ ಕಳಿಸಿದರು. ಆದರೆ ಸಿಗ್ನಲ್ ಸಾಲದೆ ಕೆಲವೇ ತಿಂಗಳಲ್ಲಿ ಆ ಅಲೆ ತಗ್ಗಿತು. ಪಾಠ ಎರಡು: ಜನ ಒಟ್ಟಿಗೆ ಎದ್ದರೆ ಬಂಡವಾಳಗಾರನಿಗೆ ತಟ್ಟುತ್ತದೆ, ಸೇರಿಕೊಳ್ಳಲು ಗಟ್ಟಿಯಾದ ಸಾರ್ವಜನಿಕ ಸಂಸ್ಥೆ ಇಲ್ಲದಿದ್ದರೆ ಆ ಏಳುವಿಕೆ ಉಳಿಯುವುದಿಲ್ಲ.

ನಮ್ಮ ಬೇಡಿಕೆ

ಕಾರ್ಖಾನೆಯಲ್ಲಿ ತಯಾರಾದ ಅವಶ್ಯಕ ವಸ್ತುವಿನ ಮಾರಾಟದ ಬೆಲೆ ತಯಾರಿಕೆಯ ವೆಚ್ಚದ ಒಂದೂವರೆ ಪಟ್ಟನ್ನು ಮೀರಕೂಡದೆಂದು ಡಾ. ಲೋಹಿಯಾ ಅವರು ವಾದಿಸಿದ್ದರು. ಫೋನಿನ ಮಾತಿಗೂ ಆ ನೀತಿ ಸಲ್ಲಬೇಕು. ಆದ್ದರಿಂದ ನಾವು ಕೇಳುವುದು ಇಷ್ಟು. ಒಂದು: ತಿಂಗಳೆಂದರೆ ಪಂಚಾಂಗದ ತಿಂಗಳೇ ಆಗಬೇಕು, 28 ದಿನದ ಕೊಳಗ ನಿಲ್ಲಬೇಕು. ಎರಡು: ನಂಬರು ಜೀವಂತವಾಗಿರಿಸಿ ಒಳಕರೆ, ಬ್ಯಾಂಕಿನ ಸಂದೇಶ ಪಡೆಯಲು ಒಂದು ಕನಿಷ್ಠ ದರವನ್ನು ಟ್ರಾಯ್ ತಾನೇ ಗೊತ್ತುಮಾಡಬೇಕು. ಮೂರು: ಆ ಕನಿಷ್ಠ ಸೇವೆಯ ಮೇಲೆ ಶೇಕಡಾ 18ರ ತೆರಿಗೆ ಹೋಗಬೇಕು. ನಾಲ್ಕು: ಪ್ರತಿ ಪ್ಲಾನಿನ ಪಕ್ಕದಲ್ಲಿ ದಿನದ ದರವನ್ನು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚುಮಾಡಬೇಕು. ಐದು: ಬಿಎಸ್‌ಎನ್‌ಎಲ್‌ಗೆ ಟವರು, ಯಂತ್ರ, ಕೆಲಸಗಾರ ಮೂರನ್ನೂ ಕೊಡಬೇಕು. ಶರಾವತಿ ಹಿನ್ನೀರಿನ ಹಳ್ಳಿಗಳ ಜನ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎನ್ನುವ ಸ್ಥಿತಿ ಬಂದದ್ದು ನಮ್ಮ ಜಿಲ್ಲೆಯಲ್ಲೇ ಎಂಬುದನ್ನು ಮರೆಯಬೇಡಿ. ಲಾಭ ಕಾಣದ ಕಾಡಿಗೆ ಖಾಸಗಿಯವನು ತಾನಾಗಿ ಹೋಗಲಾರ.

ಬೇಡಿಕೆ ಈಡೇರುವವರೆಗೆ ಕಾಯುತ್ತಾ ಕೂರಬೇಕಿಲ್ಲ. ಅನ್ಯಾಯವಾದರೆ ಕಂಪನಿಯ 198ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. 1915 ಗ್ರಾಹಕ ಸಹಾಯವಾಣಿಯೂ ಇದೆ. ಮನೆಯವರೆಲ್ಲ ಕುಳಿತು ಯಾರ ಫೋನಿಗೆ ದಿನಕ್ಕೆ ಎಷ್ಟು ಎಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆಯಿರಿ. ಮುಂದಿನ ಬಟವಾಡೆಯ ದಿನ ಹತ್ತು ಜನರ ಚೀಟಿ ಕಟ್ಟಿ. ಉಳಿದ ಹಣದಲ್ಲಿ ಮಕ್ಕಳಿಗೆ ಹಾಲು, ಪುಸ್ತಕ ತನ್ನಿ. ಚೀಟಿ ಕಟ್ಟಿದ ಆ ಹತ್ತು ಜನರೇ ಈ ಐದು ಬೇಡಿಕೆಯ ಮನವಿಗೂ ಸಹಿ ಹಾಕಿ ಕಳಿಸಿ.

 ಇನ್ನು ನಿಮ್ಮ ಪ್ರಶ್ನೆಗಳಿಗೆ ಸಭೆ ತೆರೆದಿದೆ.